ಒಂದೇ ಬೆನ್ನಿನ ಮೂರು ಚಿತ್ರ

ಫೆಬ್ರುವರಿ ೧೧

ಪ್ರೀತಿಯ ಪಾಪು,

ಮೂವತ್ತು ದಾಟಿದವಳನ್ನು ಪಾಪು ಎನ್ನಬೇಡ ಎಂದು ನೀನು ಹೇಳಿದ್ದು ನೆನಪಿದೆ. ಪತ್ರದಲ್ಲಿ ಕರೆದರೆ ಯಾರಿಗೂ ಕೇಳಿಸುವುದಿಲ್ಲ, ಸುಮ್ಮನಿರು. ಫೋನ್ ಮಾಡುವುದು ಬಿಟ್ಟು ಕಾಗದ ಏಕೆಂದರೆ, ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಬರೆದರೆ ಕೊನೇ ಪಕ್ಷ ನೀನು ಮಧ್ಯೆ ಬಾಯಿ ಹಾಕುವುದಿಲ್ಲ.

ವಿಷಯ ಇಷ್ಟು. ಮೇಸ್ತ್ರಿಯ ಬೆನ್ನಿನಲ್ಲಿ, ಎಡಭುಜದ ಕೆಳಗೆ, ಒಂದು ಮಚ್ಚೆ ಇದೆ. ನಮ್ಮ ಮದುವೆಯ ಹೊತ್ತಿಗೆ ಸಾಸಿವೆಯಷ್ಟಿತ್ತು, ಈಗ ಅಂಗಿಯ ಗುಂಡಿಯಷ್ಟಾಗಿದೆ. ಈಜುಕೊಳದ ಕೌಂಟರಿನಲ್ಲಿ ಕೂತು ಲಾಕರಿನ ಬೀಗದ ಕೈ ಕೊಡುವವಳು ನಾನು. ಜನ ಬರುವಾಗ ಮುಖ ಕಾಣುತ್ತದೆ, ನೀರಿಗೆ ಹೋಗುವಾಗ ಬೆನ್ನು. ಊರಿನವರ ಬೆನ್ನನ್ನೆಲ್ಲ ನೋಡಿದವಳಿಗೆ ಮನೆಯ ಬೆನ್ನು ಸರಿಯಿಲ್ಲ ಅನ್ನಿಸುತ್ತಿದೆ.

ಅವರಿಗೆ ಹೇಳಿದರೆ, "ಬೆನ್ನು ನನ್ನ ಹಿಂದೆ ಇರೋದು, ಅದನ್ನ ನೋಡೋರು ಚಿಂತೆ ಮಾಡ್ಲಿ" ಅಂತ ನಗುತ್ತಾರೆ. ನೀನು ಅವರನ್ನು ಸರಿಯಾಗಿ ಕಂಡವಳಲ್ಲ. ನಮ್ಮ ಮದುವೆಗೆ ನಿನಗೆ ರಜೆ ಸಿಗಲಿಲ್ಲ, ಆಮೇಲೂ ಸಿಗಲಿಲ್ಲ. ರಸ್ತೆಗೆ ಬಿಳಿ ಗೆರೆ ಎಳೆಯುವ ಕೆಲಸ ಅವರದು. ಬಣ್ಣವನ್ನು ಕಾಯಿಸಿ ಸುರಿಯಬೇಕು, ಕೆಳಗೆ ಡಾಂಬರಿನ ಕಾವು, ಮೇಲೆ ಬಿಸಿಲು. ಅಂಗಿ ಬಿಚ್ಚಿ ಸೊಂಟಕ್ಕೆ ಸುತ್ತಿಕೊಂಡು, ಬಗ್ಗಿಕೊಂಡೇ ಅರ್ಧ ಆಯುಷ್ಯ ಕಳೆದಿದ್ದಾರೆ. ಅದಕ್ಕೇ ಎಲ್ಲರೂ ಅವರನ್ನು ಗೆರೆ ಮೇಸ್ತ್ರಿ ಎನ್ನುವುದು.

ದೂರದವರು ಫೋಟೊ ಕಳಿಸಿದರೆ ನಿಮ್ಮ ಚರ್ಮದ ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ ಹೇಳುತ್ತಾರೆ, ಆ ಫೋಟೊಗಳೆಲ್ಲ ನಿನ್ನ ಕೈ ದಾಟಿಯೇ ಹೋಗುತ್ತವೆ ಎಂದಿದ್ದೆಯಲ್ಲ. ಮೇಸ್ತ್ರಿ ಮುಖ ತೊಳೆಯುತ್ತಿದ್ದಾಗ ಕಿಟಕಿಯ ಬೆಳಕಿನಲ್ಲಿ ಒಂದು ತೆಗೆದು ಆಸ್ಪತ್ರೆಯ ವಿಳಾಸಕ್ಕೆ ಕಳಿಸಿದ್ದೇನೆ. ನೀನು ಎದುರಿಗೆ ನಿಂತು ತೋರಿಸು. ನನಗೋಸ್ಕರ ಎಂದೇ ತಿಳಿದುಕೋ.

ನಿನ್ನ ಉತ್ತರದ ದಾರಿ ಕಾಯುವ
ಅಮ್ಮ


ಫೆಬ್ರುವರಿ ೨೦

ಅಮ್ಮಾ,

ಪತ್ರವೂ ಫೋಟೊವೂ ಬಂದವು. ಫೋಟೊ ಚೆನ್ನಾಗಿಯೇ ತೆಗೆದಿದ್ದೀಯ. ದೊಡ್ಡ ಡಾಕ್ಟರು ಪರದೆಯ ಮೇಲೆ ಹಿಗ್ಗಿಸಿ ನೋಡಿ, "ಅಂಚು ನೀಟಾಗಿದೆ. ಬಣ್ಣಾನೂ ಒಂದೇ ಸಮ ಇದೆ. ಗಾಬರಿ ಬೇಡ, ಆರು ತಿಂಗಳು ಬಿಟ್ಟು ಇನ್ನೊಂದು ಫೋಟೊ ಕಳಿಸ್ಲಿ" ಎಂದರು. ಮಚ್ಚೆ ನೋಡಿ ನೋಡಿ ತಲೆ ನರೆತವರು ಅವರು. ಅವರು ಬೇಡ ಎಂದರೆ ಬೇಡ.

ಡಾಕ್ಟರು ನೋಡಿದ ಚಿತ್ರದ ಪ್ರತಿಯೂ ಉತ್ತರದ ಜೊತೆ ನಿನ್ನ ಫೋನಿಗೆ ಬಂದಿರುತ್ತದೆ. ಅದರ ಹೆಸರಿನ ಬಾಲದಲ್ಲಿ ಎವಿಐಎಫ್ ಎಂದಿರುತ್ತದೆ, ಕಂಗಾಲಾಗಬೇಡ. ಅದು ಫೋಟೊವನ್ನು ಒತ್ತಿ ಚಿಕ್ಕದು ಮಾಡಿಡುವ ಹೊಸ ಬಗೆ. ಈ ವರ್ಷದಿಂದ ನಮ್ಮಲ್ಲಿಗೆ ಬರುವ ಫೋಟೊಗಳನ್ನೆಲ್ಲ ಹಾಗೆ ಬದಲಾಯಿಸಿಯೇ ಡಾಕ್ಟರಿಗೆ ಕೊಡುವುದು. ಬದಲಾದ ಮೇಲೆ ಮೊದಲಿನದನ್ನು ಅಳಿಸಿಬಿಡುತ್ತೇವೆ. ಮೊದಲು ಒಂದು ಫೋಟೊ ತೆರೆದುಕೊಳ್ಳುವಷ್ಟರಲ್ಲಿ ಡಾಕ್ಟರ ಚಹಾ ಆರಿಹೋಗುತ್ತಿತ್ತು, ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ಇದನ್ನು ಇಲ್ಲಿಗೆ ತಂದಿದ್ದು ನಾನು. ಮುಖ್ಯಸ್ಥರು ಸಭೆಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ ಹೊಗಳಿದರು.

ಮನೆಯಲ್ಲಿ ಅವರಿಗೆ ಹೇಳು, ಏನೂ ಇಲ್ಲವಂತೆ ಎಂದು.

ಕೆಲಸದ ನಡುವೆ ಬರೆಯುತ್ತಿರುವ
ಮಗಳು


ಮಾರ್ಚ್ ೫

ಪ್ರೀತಿಯ ಪಾಪು,

ನಾನೀಗ ಮನೆಯಲ್ಲೇ ಇದ್ದೇನೆ. ಕೊಳದ ಬಳಿ ಒದ್ದೆ ಕಲ್ಲಿನ ಮೇಲೆ ಜಾರಿ ಕಾಲು ಮುರಿದುಕೊಂಡೆ. 'ನಿಧಾನವಾಗಿ ನಡೆಯಿರಿ' ಎಂಬ ಬೋರ್ಡಿನ ಕೆಳಗೇ ಬಿದ್ದೆ ಎಂದು ಇಡೀ ಕೊಳ ನಗುತ್ತಿದೆ. ಹಿಮ್ಮಡಿಯಿಂದ ಮೊಣಕಾಲಿನವರೆಗೆ ಪ್ಲಾಸ್ಟರ್. ನೀನು ಬರುವುದೇನೂ ಬೇಡ, ಮೇಸ್ತ್ರಿ ಇದ್ದಾರೆ.

ಕೂತಲ್ಲೇ ಕೂತವಳು ನಿಮ್ಮ ಆಸ್ಪತ್ರೆಯ ಚಿತ್ರ ತೆರೆಯಲು ಹೋದೆ. ನನ್ನ ಫೋನಿಗೆ ಅದು ಏನೆಂದೇ ಗೊತ್ತಾಗಲಿಲ್ಲ. ಕೆಳಗಿನ ಮೊಬೈಲ್ ಅಂಗಡಿಯಾಕೆ ಮೇಲೆ ಬಂದು ಏನೋ ಹಾಕಿ ತೆರೆದುಕೊಟ್ಟಳು. ಎವಿಐಎಫ್ ಎನ್ನುವುದನ್ನು ನಾನು ಒಂದೇ ಉಸಿರಿನಲ್ಲಿ ಅವಿಫ್ ಎಂದು ಓದಿದೆ, ಯಾರ ಮನೆಯ ಅಳಿಯನೋ ಅನ್ನಿಸಿತು.

ಈಗ ನನ್ನ ಗೊಂದಲ ಕೇಳು. ಫೋನು ತೋರಿಸುವ ಲೆಕ್ಕದಲ್ಲಿ ನಾನು ತೆಗೆದ ಚಿತ್ರ ಭಾರ, ನಿನ್ನದು ಹಗುರ. ಭಾರ ಇಳಿದರೆ ಅಳತೆಯೂ ಇಳಿಯಬೇಕಲ್ಲವೇ? ಇಲ್ಲ, ಎರಡೂ ಅಷ್ಟೇ ಉದ್ದ, ಅಷ್ಟೇ ಅಗಲ. ಹಾಗಾದರೆ ಹೋದದ್ದು ಏನು? ಅಂಗಡಿಯಾಕೆಯನ್ನು ಕೇಳಿದೆ. "ಏನೂ ಹೋಗಲ್ಲ ಆಂಟಿ, ಗಾಳಿ ತೆಗೆದ ಹಾಗೆ" ಎಂದಳು. ಫೋಟೊದಲ್ಲಿ ಗಾಳಿ ಎಲ್ಲಿಂದ ಬಂತು, ನನಗೆ ತಲೆಬುಡ ತಿಳಿಯಲಿಲ್ಲ.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ನನ್ನದರಲ್ಲಿ ಮಚ್ಚೆಯ ಸುತ್ತ, ಒದ್ದೆ ಕಾಗದದ ಮೇಲೆ ಶಾಯಿ ಹರಿದಂತೆ, ತೆಳುವಾದ ಎಳೆಗಳಿವೆ. ನಿನ್ನದರಲ್ಲಿ ಅವು ಇಲ್ಲ, ಅಂಚು ಕತ್ತರಿಸಿದಂತೆ ನೀಟಾಗಿದೆ. ಅದಕ್ಕಿಂತ ವಿಚಿತ್ರ ಇನ್ನೊಂದು. ಚರ್ಮದಲ್ಲಿ ಚುಕ್ಕಿ ಚುಕ್ಕಿಯಾಗಿ ರಂಧ್ರಗಳು ಇರುತ್ತವಲ್ಲ, ಅವು ನಿನ್ನ ಚಿತ್ರದಲ್ಲೂ ಇವೆ. ಆದರೆ ಬೇರೆ ಜಾಗದಲ್ಲಿವೆ. ಒಂದೇ ಬೆನ್ನು, ಒಂದೇ ಫೋಟೊ, ಚುಕ್ಕಿ ಹೇಗೆ ಎದ್ದು ಹೋಗಿ ಬೇರೆ ಕಡೆ ಕೂರುತ್ತದೆ? ಮೇಸ್ತ್ರಿಗೆ ತೋರಿಸಿದೆ. "ಕಾಲು ಆಯ್ತು, ಇನ್ನು ಕಣ್ಣು ತೋರಿಸ್ಕೊಂಡು ಬರೋಣ" ಎಂದರು.

ಈ ಅವಿಫ್ ಎಂದರೇನು? ನನಗೆ ತಿಳಿಯುವ ಹಾಗೆ ಬರೆ.

ಪ್ಲಾಸ್ಟರಿನೊಳಗೆ ತುರಿಸಿಕೊಳ್ಳಲಾಗದ
ಅಮ್ಮ


ಮಾರ್ಚ್ ೧೪

ಅಮ್ಮಾ,

ಕಾಲು ಮುರಿದ ಸುದ್ದಿಯನ್ನು ಬೋರ್ಡಿನ ಜೋಕಿನ ಜೊತೆ ಬರೆಯುವವಳು ನೀನೊಬ್ಬಳೇ. ಅವತ್ತೇ ಫೋನ್ ಮಾಡಬಹುದಿತ್ತು.

ಕೇಳಿದ್ದೀಯ, ಹೇಳುತ್ತೇನೆ. ಈ ಬಗೆಯಲ್ಲಿ ಚಿತ್ರವನ್ನು ಚೌಕಗಳಾಗಿ ಕತ್ತರಿಸುತ್ತಾರೆ. ಖಾಲಿ ಗೋಡೆಯಂಥ ಕಡೆ ದೊಡ್ಡ ಚೌಕ, ಕಣ್ರೆಪ್ಪೆಯಂಥ ಕಡೆ ಚಿಕ್ಕ ಚೌಕ. ಒಂದೊಂದು ಚೌಕವೂ ಹೇಗಿರಬಹುದು ಎಂದು ಅದರ ಎಡಕ್ಕೂ ಮೇಲಕ್ಕೂ ಇರುವುದನ್ನು ನೋಡಿ ಕಂಪ್ಯೂಟರ್ ಊಹಿಸುತ್ತದೆ. ಗೋಡೆಯ ಪಕ್ಕ ಗೋಡೆಯೇ ಇರುವುದು ಹೆಚ್ಚು, ಅಲ್ಲವೇ? ಊಹೆ ಎಷ್ಟು ತಪ್ಪಿತೋ ಅಷ್ಟನ್ನು ಮಾತ್ರ ಬರೆದಿಡುತ್ತದೆ. ಆ ತಪ್ಪಿನಲ್ಲೂ ತೀರ ಸಣ್ಣದು ಕಂಡರೆ ಬಿಟ್ಟುಬಿಡುತ್ತದೆ. ಬೆಳಕು ನೆರಳನ್ನು ನಯವಾಗಿ, ಬಣ್ಣವನ್ನು ಒರಟಾಗಿ ಇಡುತ್ತದೆ, ಏಕೆಂದರೆ ನಮ್ಮ ಕಣ್ಣು ಬಣ್ಣದ ವಿಷಯದಲ್ಲಿ ಸ್ವಲ್ಪ ಮಂದ. ತೆರೆಯುವಾಗ ಅದೇ ಊಹೆಯನ್ನು ಮತ್ತೆ ಮಾಡಿ, ಬರೆದಿಟ್ಟ ತಿದ್ದುಪಡಿ ಸೇರಿಸಿ, ಚಿತ್ರವನ್ನು ಹೊಸದಾಗಿ ಕಟ್ಟುತ್ತದೆ. ಆದ್ದರಿಂದ ಅಳತೆ ಅಷ್ಟೇ, ಭಾರ ಕಡಿಮೆ.

ಬಿಟ್ಟದ್ದೆಲ್ಲ ಕಣ್ಣಿಗೆ ಕಾಣದ್ದು. ಕಾಣುವುದನ್ನು ಅದು ಬಿಡುವುದಿಲ್ಲ. ನಿನ್ನ ಫೋನಿನ ಪರದೆ ಹಳೆಯದು, ಒಮ್ಮೆ ಬೀಳಿಸಿಯೂ ಇದ್ದೀಯ. ಎಳೆಗಳು ಆ ಪರದೆಯದ್ದಿರಬೇಕು. ಚುಕ್ಕಿ ಜಾಗ ಬದಲಿಸುವುದು ಸಾಧ್ಯವೇ ಇಲ್ಲ.

ನಾನು ಅಸಡ್ಡೆ ಮಾಡುತ್ತಿದ್ದೇನೆ ಎಂದುಕೊಳ್ಳಬೇಡ. ನನ್ನ ಅಪ್ಪನ ಬೆನ್ನಾಗಿದ್ದರೂ ಇದನ್ನೇ ಹೇಳುತ್ತಿದ್ದೆ.

ಕಾಲು ಎತ್ತರದಲ್ಲಿಟ್ಟುಕೋ.

ಮಗಳು


ಮಾರ್ಚ್ ೨೩

ಪಾಪು,

ನಿನ್ನ ಅಪ್ಪನ ಮಾತನ್ನು ನಾನು ಎತ್ತಿರಲಿಲ್ಲ.

ನೀನು ಬರೆದದ್ದನ್ನು ಎರಡು ಸಲ ಓದಿದೆ. ಚೌಕ ಅರ್ಥವಾಯಿತು, ಊಹೆ ಅರ್ಥವಾಯಿತು. ಕಾಣುವುದು ಯಾವುದು, ಕಾಣದ್ದು ಯಾವುದು ಎಂದು ತೀರ್ಮಾನಿಸುವವರು ಯಾರು ಎನ್ನುವುದು ಮಾತ್ರ ತಿಳಿಯಲಿಲ್ಲ. ನನಗೆ ಆ ಎಳೆಗಳು ಕಾಣುತ್ತಿವೆ. ಹಾಗಾದರೆ ಅವು ಕಾಣದ್ದು ಹೇಗಾದವು?

ಪರದೆಯ ತಪ್ಪು ಎಂದೆಯಲ್ಲ, ಅದಕ್ಕೆ ಅಂಗಡಿಯಾಕೆಯ ಕೈಲಿ ಎರಡೂ ಚಿತ್ರಗಳನ್ನು ದಪ್ಪ ಕಾಗದದ ಮೇಲೆ ಒಂದೇ ಅಳತೆಗೆ ಅಚ್ಚು ಹಾಕಿಸಿದ್ದೇನೆ. ಈ ಲಕೋಟೆಯಲ್ಲಿವೆ. ಯಾವುದು ಯಾವುದೆಂದು ಬರೆದಿಲ್ಲ. ನಿನಗೆ ಎರಡೂ ಒಂದೇ ಆಗಿ ಕಂಡರೆ ಹರಿದು ಹಾಕು, ನಾನು ಇನ್ನು ಕೇಳುವುದಿಲ್ಲ.

ಅಮ್ಮ


ಏಪ್ರಿಲ್ ೯

ಅಮ್ಮಾ,

ಬೆಳಿಗ್ಗೆ ಫೋನ್ ಮಾಡಿದ್ದೆ. ಅವರು ಎತ್ತಿದರು, ನೀನು ಮಲಗಿದ್ದೆಯಂತೆ. ಏನು ಹೇಳಬೇಕೋ ತೋಚದೆ, "ನೀವು ಆದಷ್ಟು ಬೇಗ ಇಲ್ಲಿಗೆ ಬರಬೇಕು, ಬೆನ್ನು ತೋರಿಸೋಕೆ. ಆ ಫೋಟೊ ಫೋನಿಂದ ಅಳಿಸ್ಬೇಡಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಅವರು ನಿನಗೆ ಏನೆಂದು ಹೇಳಿದರೋ ಗೊತ್ತಿಲ್ಲ. ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ.

ನಿನ್ನ ಲಕೋಟೆ ಬಂದು ಕೆಲವು ದಿನ ಮೇಜಿನ ಮೇಲೇ ಇತ್ತು. ಕೋಪವಿತ್ತು ನನಗೆ. ಕೊನೆಗೆ ತೆರೆದು ಎರಡನ್ನೂ ಊಟದ ಮೇಜಿನ ಮೇಲೆ ಇಟ್ಟೆ. ಒಂದರಲ್ಲಿ ಎಳೆಗಳಿದ್ದವು, ಇನ್ನೊಂದರಲ್ಲಿ ಇರಲಿಲ್ಲ. ಅಷ್ಟಾದರೆ ಹೆಚ್ಚು ಒತ್ತಿದ್ದರಿಂದ ಎನ್ನಬಹುದಿತ್ತು. ಆದರೆ ಚುಕ್ಕಿಗಳು, ಅಮ್ಮ. ನೀನು ಹೇಳಿದ ಹಾಗೆಯೇ ಅವು ಬೇರೆ ಕಡೆ ಕೂತಿದ್ದವು. ಮನೆಯ ಹಳೆಯ ಕಂಪ್ಯೂಟರಿನಲ್ಲಿ ಆಸ್ಪತ್ರೆಯ ಚಿತ್ರವನ್ನೇ ತೆರೆದೆ. ಅಲ್ಲಿ ಚುಕ್ಕಿಗಳೇ ಇಲ್ಲ. ಬೆನ್ನು ಪ್ಲಾಸ್ಟಿಕ್ ಬಕೆಟ್ಟಿನ ಹಾಗೆ ನುಣ್ಣಗಿತ್ತು. ಒಂದೇ ಬೆನ್ನಿನ ಮೂರು ಚಿತ್ರ ನನ್ನ ಎದುರಿಗಿದ್ದವು. ಯಾವುದನ್ನು ನಂಬಬೇಕು ಎಂದು ತಿಳಿಯಲಿಲ್ಲ. ಈ ಫೈಲುಗಳ ನಡುವೆಯೇ ಬದುಕುವವಳು ನಾನು. ನನಗೇ ತಿಳಿಯಲಿಲ್ಲ.

ಮರುದಿನ ನನ್ನ ಮುಂಗೈ ಮೇಲೆ ಪೆನ್ನಿನಿಂದ ತೀರ ಸಣ್ಣ ಚುಕ್ಕಿಗಳನ್ನು ಇಟ್ಟುಕೊಂಡು, ಫೋಟೊ ತೆಗೆದು, ಹೊರಗಿನ ರೋಗಿಯ ಹಾಗೆ ಆಸ್ಪತ್ರೆಗೆ ಕಳಿಸಿದೆ. ಪರದೆಯ ಮೇಲೆ ನನ್ನ ಕೈ ಬಂತು. ನಾನಿಟ್ಟ ಚುಕ್ಕಿಗಳಲ್ಲಿ ಬಹುಪಾಲು ಕಾಣೆಯಾಗಿದ್ದವು. ಇಡದ ಕಡೆ ಬೇರೆ ಚುಕ್ಕಿಗಳಿದ್ದವು. ನಿಜ ಹೇಳಬೇಕೆಂದರೆ ಹೆದರಿಕೆಯಾಯಿತು. ಕೈ ತೊಳೆಯದೆ ಇಡೀ ದಿನ ಹಾಗೇ ಕೂತು ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ನನಗೆ ಅರ್ಥವಾದಷ್ಟು ಇದು. ಫೋಟೊಗಳಲ್ಲಿ ಮರಳಿನಂಥ ಒಂದು ತರಿ ಇರುತ್ತದೆ. ಹಳೆಯ ಸಿನಿಮಾ ನೋಡುವಾಗ ಪರದೆಯ ಮೇಲೆ ಕುದಿಯುತ್ತಿರುತ್ತದಲ್ಲ, ಅದು. ಅಕ್ಕಪಕ್ಕ ನೋಡಿ ಅದನ್ನು ಊಹಿಸಲು ಆಗುವುದಿಲ್ಲ, ಆದ್ದರಿಂದ ಬರೆದಿಡಲು ಬಹಳ ಜಾಗ ಬೇಕು. ಈ ಬಗೆಯಲ್ಲಿ ಅದಕ್ಕೊಂದು ಉಪಾಯವಿದೆ. ಮೊದಲು ತರಿಯನ್ನೆಲ್ಲ ತೊಳೆದುಬಿಡುವುದು. ತರಿ ಎಷ್ಟು ದಪ್ಪ, ಎಷ್ಟು ಸಣ್ಣ ಇತ್ತು ಎಂಬ ಲಕ್ಷಣವನ್ನು ಮಾತ್ರ ಬರೆದಿಡುವುದು. ತೆರೆಯುವಾಗ ಅಂಥದೇ ಹೊಸ ತರಿಯನ್ನು ತಯಾರಿಸಿ ಮೇಲೆ ಉದುರಿಸುವುದು. ಸಿನಿಮಾಕ್ಕೆ ಇದರಿಂದ ತೊಂದರೆಯಿಲ್ಲ, ಯಾವ ಕಾಳು ಎಲ್ಲಿತ್ತೆಂದು ಯಾರೂ ಲೆಕ್ಕ ಇಡುವುದಿಲ್ಲ. ಚರ್ಮದ ಫೋಟೊದಲ್ಲಿ ಮಾತ್ರ ಅದು ರೋಗದ ಎಳೆಯನ್ನೂ ತರಿ ಎಂದುಕೊಂಡು ತೊಳೆಯಿತು. ಮೇಲೆ ಉದುರಿಸಿದ ತರಿ ನಿಜವಾದ ಚರ್ಮದ ಹಾಗೇ ಕಂಡಿತು. ನುಣ್ಣಗೆ ಕಂಡಿದ್ದರೆ ಡಾಕ್ಟರಿಗೆ ಅನುಮಾನ ಬರುತ್ತಿತ್ತು. ನನ್ನ ಹಳೆಯ ಕಂಪ್ಯೂಟರಿಗೆ ಉದುರಿಸಲು ಬರುವುದಿಲ್ಲ, ಅದಕ್ಕೇ ಅಲ್ಲಿ ಬೆನ್ನು ಬಕೆಟ್ಟಿನ ಹಾಗೆ ಕಂಡದ್ದು.

ಈ ಉಪಾಯವನ್ನು ಬೇಕೆಂದರೆ ಇಟ್ಟುಕೊಳ್ಳಬಹುದು, ಬೇಡವೆಂದರೆ ನಿಲ್ಲಿಸಬಹುದು. ನಮ್ಮಲ್ಲಿ ಅದು ಮೊದಲಿನಿಂದಲೂ, ಅದೂ ಪೂರ್ತಿ ಜೋರಿನಲ್ಲಿ, ಓಡುತ್ತಿತ್ತು. ತಂತ್ರಾಂಶ ಕೊಟ್ಟವರು ಹಾಗೇ ಕೊಟ್ಟಿದ್ದರು. ನಾನು ತೆರೆದು ನೋಡಿರಲಿಲ್ಲ.

ನಿನ್ನ ಅಚ್ಚನ್ನು ದೊಡ್ಡ ಡಾಕ್ಟರ ಮುಂದೆ ಇಟ್ಟೆ. ಕನ್ನಡಕ ತೆಗೆದು ಹತ್ತಿರ ಹಿಡಿದರು.

"ಇದು ಯಾರದು?"

"ಫೆಬ್ರುವರಿಯಲ್ಲಿ ನೀವು ನೋಡಿದ್ದೇ ಮೇಡಂ. ಗಾಬರಿ ಬೇಡ ಅಂದಿದ್ರಿ."

"ಇದನ್ನ ನಾನು ನೋಡಿಲ್ಲ" ಎಂದರು. ಅಚ್ಚನ್ನು ಬೆಳಕಿಗೆ ತಿರುಗಿಸಿ, "ನೋಡಿದ್ರೆ ಹಾಗೆ ಅಂತಿರ್ಲಿಲ್ಲ. ಕರೆಸು" ಎಂದರು.

ಕೂಡಲೇ ಕಳಿಸು, ಅಮ್ಮ. ಏನಿದೆಯೋ ನನಗೆ ಗೊತ್ತಿಲ್ಲ. ಏನೂ ಇಲ್ಲದೆಯೂ ಇರಬಹುದು.

ಮಗಳು


ಏಪ್ರಿಲ್ ೧೩

ಪಾಪು,

ನಿನ್ನ ಪತ್ರ ಈಗ ತಾನೇ ಬಂತು. ಅವರು ನಿನ್ನೆಯೇ ಹೊರಟಿದ್ದಾರೆ. ನಿನ್ನ ಫೋನಿನ ಮಾತೇ ಎತ್ತದೆ, ನಿನ್ನ ಊರಿನಲ್ಲಿ ರಸ್ತೆ ಕೆಲಸ ಸಿಕ್ಕಿದೆ, ವಾರದಲ್ಲಿ ಬರುತ್ತೇನೆ ಎಂದರು. ನಾನೂ ನಂಬಿ ಬ್ಯಾಗಿಗೆ ಬಟ್ಟೆ ತುಂಬಿಸಿದೆ. ಗೆರೆಗೆ ಹಿಡಿಯುವ ನೂಲಿನ ಉಂಡೆ ಬಾಗಿಲ ಹಿಂದೆ ನೇತಾಡುತ್ತಿರುವುದನ್ನು ಈಗ ನೋಡಿದೆ. ಅದಿಲ್ಲದೆ ಅವರು ಎಲ್ಲಿಗೂ ಕೆಲಸಕ್ಕೆ ಹೋದವರಲ್ಲ. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ, ನನಗೆ ಹಿಡಿಯಲು ಬಂದಿಲ್ಲ.

ಫೋನ್ ಮಾಡಿದರೆ, "ಗದ್ದಲ, ಕೇಳಿಸ್ತಿಲ್ಲ" ಎಂದು ಇಡುತ್ತಾರೆ.

ಈ ಕಾಲು ಕಟ್ಟಿಕೊಂಡು ನಾನು ಬಸ್ಸು ಹತ್ತಲಾರೆ. ತರಿ ತೊಳೆಯುವುದು, ಉದುರಿಸುವುದು, ನೀನು ಬರೆದದ್ದೆಲ್ಲ ನನಗೆ ಒಂದರ ಮೇಲೊಂದು ಬಂದು ಕಲಸಿಹೋಗಿದೆ. ತೊಳೆದ ಮೇಲೆ ಮತ್ತೆ ಏಕೆ ಉದುರಿಸಬೇಕು? ಇರಲಿ, ಅದನ್ನು ಈಗ ಕೇಳುವುದಿಲ್ಲ. ಅವರು ಊಟ ಬೇಡ ಎಂದರೆ ನಂಬಬೇಡ, ಸಂಕೋಚಕ್ಕೆ ಹೇಳುತ್ತಾರೆ. ಎಡಮಗ್ಗುಲಿಗೆ ಮಲಗಿದರೆ ಗೊರಕೆ ಹೊಡೆಯುತ್ತಾರೆ.

ಅವರನ್ನು ನಿನ್ನ ಮನೆಯಲ್ಲೇ ಇಟ್ಟುಕೋ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಅಮ್ಮ


ಮೇ ೨

ಅಮ್ಮಾ,

ಫೋನಿನಲ್ಲಿ ಮುಖ್ಯವಾದದ್ದು ಹೇಳಿದ್ದೇನೆ. ನೀನು ಅಳುತ್ತಿದ್ದೆ, ಎಷ್ಟು ಕೇಳಿಸಿತೋ. ಅದಕ್ಕೇ ಮತ್ತೆ ಬರೆಯುತ್ತೇನೆ. ಅದು ಕ್ಯಾನ್ಸರೇ ಹೌದು. ಆದರೆ ಚರ್ಮದ ಮೇಲುಮೇಲೆಯೇ ಇತ್ತು, ಆಳಕ್ಕೆ ಇಳಿದಿರಲಿಲ್ಲ. ಸುತ್ತಲಿನ ಚರ್ಮವನ್ನೂ ಸೇರಿಸಿ ತೆಗೆದಿದ್ದಾರೆ, ಅಂಚುಗಳಲ್ಲಿ ಏನೂ ಉಳಿದಿಲ್ಲ ಎಂದು ಪರೀಕ್ಷೆಯ ಉತ್ತರ ಬಂದಿದೆ. ಔಷಧಿಯೂ ಬೇಡವಂತೆ, ಆಗಾಗ ಬಂದು ತೋರಿಸಿದರೆ ಸಾಕು. ಇನ್ನೂ ತಡವಾಗಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ದೊಡ್ಡ ಡಾಕ್ಟರು ಮುಂದಿನ ರೋಗಿಯನ್ನು ಕರೆದರು.

ಇಲ್ಲಿಗೆ ಬಂದಾಗ ಅವರು ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಇಳಿದಿದ್ದರು. ಹೊಲಿಗೆ ಹಾಕಿದ ದಿನ ನಾನೇ ಹೋಗಿ ಬ್ಯಾಗು ತಂದೆ. ನನ್ನ ಮನೆಯಲ್ಲಿ ಇರುವುದು ಒಂದು ಮಂಚ, ಒಂದು ಸೋಫಾ. "ನಾನು ಬೋರಲು ಮಲಗ್ಬೇಕು ತಾನೆ, ಸೋಫಾನೇ ಆಗುತ್ತೆ" ಎಂದರು. ಕಾಲು ಅರ್ಧ ಹೊರಗೆ. ಮೊದಲ ದಿನ ನಾವಿಬ್ಬರೂ ಹವಾಮಾನದ ಬಗ್ಗೆ ಮಾತಾಡಿದೆವು. ಎರಡನೇ ದಿನ ಅದೂ ಮುಗಿಯಿತು.

ಇಲ್ಲಿ ನನ್ನ ಸ್ಥಿತಿ ಹೇಳುತ್ತೇನೆ. ವರ್ಷದ ಮೊದಲಿಂದ ಬಂದ ಫೋಟೊಗಳೆಲ್ಲ ಹಾಗೇ ತೊಳೆದು ಹೋಗಿವೆ. ಮೊದಲಿನವನ್ನು ಅಳಿಸಿದ್ದೇವೆ. ಯಾರ್ಯಾರಿಗೆ ಗಾಬರಿ ಬೇಡ ಎಂದಿದ್ದೇವೋ ಅವರಲ್ಲಿ ಯಾರಿಗೆ ಗಾಬರಿ ಬೇಕಿತ್ತು ಎಂದು ಹೇಳಲು ದಾರಿಯೇ ಇಲ್ಲ. ಅವರ ಪರೀಕ್ಷೆಯ ಉತ್ತರ ಬಂದ ದಿನ, ಎಲ್ಲರನ್ನೂ ಮತ್ತೆ ಕರೆಸಬೇಕು ಎಂದು ದೊಡ್ಡ ಡಾಕ್ಟರು ಹೇಳಿದರು. ಮುಖ್ಯಸ್ಥರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಸಿದರು. "ಆ ಸೆಟ್ಟಿಂಗ್ ಆಫ್ ಮಾಡು, ಸಾಕು. ಊರಿಗೆಲ್ಲ ಹೇಳ್ಕೊಂಡು ಬಂದ್ರೆ ಆಸ್ಪತ್ರೆ ಹೆಸರು ಏನಾಗುತ್ತೆ? ಮೊದಲು ಒಂದು ಸಮಿತಿ ಮಾಡೋಣ, ನೋಡೋಣ" ಎಂದರು. ಅವರು ಕೆಟ್ಟವರಲ್ಲ. ಅವರು ಹೇಳುವಾಗ ನನಗೂ ಅದೇ ಸರಿ ಅನ್ನಿಸಿತು. ಹೊರಗೆ ಬಂದ ಮೇಲೆ ಅನ್ನಿಸಲಿಲ್ಲ. ಮನೆಗೆ ಬರುವಷ್ಟರಲ್ಲಿ ಯಾವುದು ಸರಿಯೆಂದೇ ಗೊತ್ತಾಗದ ಹಾಗಾಗಿತ್ತು.

ಸೋಫಾದ ಮೇಲಿದ್ದ ಅವರಿಗೆ ಇದನ್ನು ಹೇಳಬೇಕೆಂದಿರಲಿಲ್ಲ. ಬೆನ್ನಿನ ಪಟ್ಟಿ ಬದಲಾಯಿಸುತ್ತಿದ್ದೆ, ಮುಖ ಕಾಣುತ್ತಿರಲಿಲ್ಲವಲ್ಲ, ಹೇಳಿಬಿಟ್ಟೆ. ಅವರು ಪೂರ್ತಿ ಕೇಳಿಸಿಕೊಂಡರು.

"ಆ ಮಿಷನ್ನು ಈಗ್ಲೂ ಓಡ್ತಾ ಇದೆಯಾ?" ಎಂದರು.

"ಓಡ್ತಿದೆ. ಆ ಸೆಟ್ಟಿಂಗನ್ನ ನಾಳೆ ಆಫ್ ಮಾಡ್ಬೇಕು."

"ನಾವು ಗೆರೆ ತಪ್ಪಾಗಿ ಹಾಕಿದ್ರೆ ಮೊದಲು ಗಾಡಿ ನಿಲ್ಲಿಸ್ತೀವಿ. ಯಾರು ಹಾಕಿದ್ದು, ಯಾಕೆ ಹಾಕಿದ್ದು, ಅದೆಲ್ಲ ರಸ್ತೆ ಪಕ್ಕ ನಿಂತ್ಕೊಂಡು ಆಮೇಲೆ ಜಗಳ ಆಡೋದು" ಎಂದರು. ಆಮೇಲೆ, "ನನಗೆ ನಿಮ್ಮ ಕೆಲಸ ಗೊತ್ತಿಲ್ಲಮ್ಮ. ಪಟ್ಟಿ ಸ್ವಲ್ಪ ಬಿಗಿ ಆಯ್ತು" ಎಂದರು.

ಪಟ್ಟಿ ಸಡಿಲಿಸಿ ಆಸ್ಪತ್ರೆಗೆ ವಾಪಸು ಹೋದೆ. ಯಾರನ್ನೂ ಕೇಳದೆ ಫೋಟೊ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದೆ. ಬೆಳಿಗ್ಗೆಯ ಹೊತ್ತಿಗೆ ನಮಗೆ ಫೋಟೊ ಕಳಿಸುವ ಊರೂರಿನ ಕ್ಲಿನಿಕ್ಕುಗಳಿಂದ ಏನಾಯಿತು, ಏನಾಯಿತು ಎಂದು ಫೋನು. ಆಗ ಏಕೆಂದು ಹೇಳಲೇಬೇಕಾಯಿತು, ಸಮಿತಿಗೆ ಪುರುಸೊತ್ತು ಸಿಗಲಿಲ್ಲ. ಮುಖ್ಯಸ್ಥರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಕೆಲಸ ಉಳಿಯುತ್ತದೋ ಇಲ್ಲವೋ ತಿಳಿಯದು. ಈಗಂತೂ ರೋಗಿಗಳಿಗೆ ಫೋನ್ ಮಾಡಿ ಕರೆಸುವ ಕೆಲಸಕ್ಕೆ ಹಾಕಿದ್ದಾರೆ.

ನಾಳೆ ಅವರು ಬಸ್ ಹತ್ತುತ್ತಾರೆ. ಹೊಲಿಗೆ ಬಿಚ್ಚಿಸಲು ಮತ್ತೆ ಬರಬೇಕು. ಗೊರಕೆ ಬಲಮಗ್ಗುಲಿಗೂ ಇದೆ.

ಮಗಳು


ಮೇ ೬

ಪಾಪು,

ಅವರು ಬಂದರು. ಬಾಗಿಲಲ್ಲೇ ಅಂಗಿ ಎತ್ತಿಸಿ ನೋಡಿದೆ. ಪ್ಲಾಸ್ಟರಿನ ಕಾಲು ಚಾಚಿಕೊಂಡು ನಾನು, ಬೆನ್ನು ತಿರುಗಿಸಿ ನಿಂತ ಅವರು, ಮೆಟ್ಟಿಲು ಹತ್ತಿ ಬಂದ ಅಂಗಡಿಯಾಕೆ ಗಾಬರಿಯಾಗಿ ಇಳಿದೇ ಹೋದಳು.

ಸುಳ್ಳು ಹೇಳಿದ್ದಕ್ಕೆ ಅವರ ಜೊತೆ ಜಗಳವಾಡಲು ಎಷ್ಟೋ ಮಾತು ಕೂಡಿಟ್ಟುಕೊಂಡಿದ್ದೆ. ಒಂದೂ ಆಡಲಿಲ್ಲ. ನಿನ್ನ ಮನೆಯ ಬಗ್ಗೆ ಕೇಳಿದೆ. "ಚೆನ್ನಾಗಿದೆ, ಗಾಳಿ ಬರುತ್ತೆ" ಎಂದರು. ನಿನ್ನ ಬಗ್ಗೆ ಕೇಳಿದೆ. "ಕೈ ಮೆದು" ಎಂದರು.

ನಿನ್ನ ಕೆಲಸದ ವಿಷಯ ಓದಿ ಎರಡು ಹೊತ್ತು ಊಟ ಸೇರಲಿಲ್ಲ. ನಾನು ಆ ಚಿತ್ರಗಳನ್ನು ಅಕ್ಕಪಕ್ಕ ಇಡದಿದ್ದರೆ ನೀನು ನೆಮ್ಮದಿಯಾಗಿ ಇರುತ್ತಿದ್ದೆ, ಇಟ್ಟದ್ದರಿಂದ ಇವರು ಇದ್ದಾರೆ. ನಾನು ಖುಷಿ ಪಡಬೇಕೋ ಬೇಡವೋ, ನನಗೇ ಗೊತ್ತಿಲ್ಲ. ಕೆಲಸ ಹೋದರೆ ಬಂದುಬಿಡು. ಕೊಳದಲ್ಲಿ ಇನ್ನೊಂದು ಕೌಂಟರು ಖಾಲಿ ಇದೆ.

ಅಮ್ಮ


ಜೂನ್ ೩

ಅಮ್ಮಾ,

ಕೌಂಟರಿನ ಕೆಲಸ ಬೇಡ, ನಾನೂ ಜಾರಿ ಬೀಳುವವಳೇ. ಇಲ್ಲಿಂದ ತೆಗೆದಿಲ್ಲ. ಮುಖ್ಯಸ್ಥರು ಮೊನ್ನೆ ಲಿಫ್ಟಿನಲ್ಲಿ "ಎಷ್ಟು ಜನ ಬಂದ್ರು?" ಎಂದು ಕೇಳಿದರು. ಅಷ್ಟಕ್ಕೇ ನನಗೆ ಕಣ್ಣು ತುಂಬಿಬಂತು.

ಕರೆದವರಲ್ಲಿ ಬಹಳ ಮಂದಿ ಬಂದು ತೋರಿಸಿಕೊಂಡು ಹೋದರು. ಕೆಲವರು ಬೈದರು. ಒಬ್ಬ ಮುದುಕರು ನಾನು ಹೇಳುವುದನ್ನು ಪೂರ್ತಿ ಕೇಳಿ, "ಹಾಗಾದ್ರೆ ನೀವು ನೋಡಿದ್ದು ನನ್ನ ಚರ್ಮ ಅಲ್ವಾ?" ಎಂದರು. ನಿಮ್ಮದೇ, ಆದರೆ ಪೂರ್ತಿ ನಿಮ್ಮದಲ್ಲ ಎಂದೆ. ಅವರಿಗೂ ತಿಳಿಯಲಿಲ್ಲ, ನನಗೂ ಹೇಳಲು ಬರಲಿಲ್ಲ. ಇಬ್ಬರಲ್ಲಿ ಮೇಸ್ತ್ರಿಗೆ ಇದ್ದಂಥದೇ ಸಿಕ್ಕಿತು. ಒಬ್ಬರದು ಹಗುರ. ಇನ್ನೊಬ್ಬರದು ಹಗುರವಲ್ಲ, ಚಿಕಿತ್ಸೆ ನಡೆದಿದೆ. ಫೆಬ್ರುವರಿಯಲ್ಲಿ ಫೋಟೊ ಕಳಿಸಿದ್ದ ಶಾಲೆಯ ಟೀಚರು ಆಕೆ. ಆಕೆಯ ವಾರ್ಡಿನ ಮುಂದೆ ಹೋಗುವಾಗ ನನ್ನ ಕಾಲು ತಾನಾಗಿ ಬೇಗ ಬೇಗ ನಡೆಯುತ್ತದೆ.

ನಾವೀಗ ಫೋಟೊಗಳನ್ನು ಏನೂ ಕಳೆಯದ ಬಗೆಯಲ್ಲಿ ಇಡುತ್ತೇವೆ. ಎವಿಐಎಫ್‌ನಲ್ಲೇ ಹಾಗೂ ಇಡಬಹುದು, ಜಾಗ ಹೆಚ್ಚು ಬೇಕು. ಅದು ಮೊದಲೇ ಗೊತ್ತಿತ್ತೇ ಎಂದು ಕೇಳಬೇಡ. ಇನ್ನೂ ದಿನಕ್ಕೊಂದು ಹೊಸದು ಓದುತ್ತೇನೆ, ಓದಿದಷ್ಟೂ ಗೊತ್ತಿಲ್ಲದ್ದು ಹೆಚ್ಚುತ್ತಿದೆ.

ಒಬ್ಬ ಹೆಂಗಸು ಮಾತ್ರ ಎಷ್ಟು ಪ್ರಯತ್ನಿಸಿದರೂ ಸಿಕ್ಕಿರಲಿಲ್ಲ. ಬಸ್ ಡಿಪೊದಲ್ಲಿ ಬಸ್ಸು ತೊಳೆಯುವ ಕೆಲಸದವರು. ಫೋನ್ ನಂಬರ್ ಬದಲಾಗಿತ್ತು. ವಿಳಾಸದ ಜಾಗದಲ್ಲಿ 'ಡಿಪೊ ಹಿಂದೆ' ಎಂದಷ್ಟೇ ಇತ್ತು. ಹೊಲಿಗೆ ಬಿಚ್ಚಿಸಲು ಬಂದಿದ್ದ ಮೇಸ್ತ್ರಿ ಸೋಫಾದ ಮೇಲೆ ಕೂತು ನಾನು ಫೋನಿನಲ್ಲಿ ಒದ್ದಾಡುವುದನ್ನು ನೋಡುತ್ತಿದ್ದರು. "ಯಾವ ಡಿಪೊ?" ಎಂದರು. ಹೇಳಿದೆ. "ಅಲ್ಲಿ ಬಸ್ ನಿಲ್ಲೋ ಗೆರೆ ಹಾಕಿದ್ದು ನಾವೇ. ಹಿಂದೆ ಎರಡು ಬೀದಿ ಇವೆ, ಅಷ್ಟೇ. ನಡಿ" ಎಂದು ಚಪ್ಪಲಿ ಮೆಟ್ಟಿಕೊಂಡರು.

ಮನೆ ಮನೆ ಕೇಳುತ್ತ ಹೋದೆವು. ಎರಡನೇ ಬೀದಿಯ ಕೊನೆಯಲ್ಲಿ ಆಕೆ ಸಿಕ್ಕರು. ಕೆಲಸ ಮುಗಿಸಿ ಬಂದು, ಬಾಗಿಲ ಮುಂದೆ ರಬ್ಬರ್ ಬೂಟು ಬೋರಲು ಹಾಕಿ, ಮೆಟ್ಟಿಲ ಮೇಲೆ ಕಾಲು ಒಣಗಿಸಿಕೊಳ್ಳುತ್ತಿದ್ದರು. ಆಸ್ಪತ್ರೆಯಿಂದ ಬಂದಿದ್ದೇವೆ ಎಂದೆ. ಚೌಕ, ಊಹೆ, ತರಿ ಎಂದೆಲ್ಲ ಶುರು ಮಾಡಿದೆ. ನನ್ನ ಬಾಯಿಯಿಂದ ಬರುತ್ತಿದ್ದುದು ನನಗೇ ಅರ್ಥವಾಗುತ್ತಿರಲಿಲ್ಲ.

"ನೀವೇ ಅಲ್ವಾ ಗಾಬರಿ ಬೇಡ ಅಂದಿದ್ದು? ಬೇಡ ಅಂದ ಮೇಲೆ ಬೇಡ. ನನಗೆ ನಾಳೆ ಬೆಳಗಿನ ಪಾಳಿ ಇದೆ" ಎಂದು ಆಕೆ ಎದ್ದರು.

ಬಾಗಿಲು ಅರ್ಧ ಮುಚ್ಚಿತ್ತು. ಮೇಸ್ತ್ರಿ ಬೆನ್ನು ತಿರುಗಿಸಿ, ಅಂಗಿಯನ್ನು ಕತ್ತಿನವರೆಗೆ ಎತ್ತಿ, ಬೀದಿಯಲ್ಲೇ ನಿಂತರು. ಗಾಯದ ಗುರುತು ಇನ್ನೂ ಕೆಂಪಗಿದೆ, ನೀನು ನೋಡಿದ್ದೀಯ.

"ನನಗೂ ಹಾಗೇ ಅಂದಿದ್ರು" ಎಂದರು.

ಆಕೆ ಸುಮಾರು ಹೊತ್ತು ಅದನ್ನೇ ನೋಡಿದರು. ಆಮೇಲೆ ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದು ಬೀಗ ಹಾಕಿದರು.

ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ದೀಪ ಹಿಡಿದು, ಮುಟ್ಟಿ, ಮಸೂರ ಇಟ್ಟು ನೋಡಿದರು. ಏನೂ ಇಲ್ಲ, ಬರೀ ಮಚ್ಚೆ ಎಂದರು. ನನಗೆ ಹೋದ ಜೀವ ಬಂದಂತಾಯಿತು. ಆಕೆಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಬಸ್ ನಿಲ್ದಾಣದವರೆಗೂ ಬೈಯುತ್ತಲೇ ಬಂದರು. ಬಸ್ಸಿನ ಮೆಟ್ಟಿಲು ಹತ್ತಿ, ಕಂಬಿ ಹಿಡಿದುಕೊಂಡು ನಮ್ಮ ಕಡೆ ತಿರುಗಿ, "ಏನೂ ಇಲ್ಲದ್ದಕ್ಕೆ ಅಪ್ಪ ಮಗಳು ಇಬ್ರೂ ಸೇರಿ ನನ್ನ ಅರ್ಧ ದಿನ ತಿಂದ್ರಿ" ಎಂದರು.

ಬಸ್ಸು ಹೊರಟಿತು. ನಾವಿಬ್ಬರೂ ತಿದ್ದಲಿಲ್ಲ.

ಮುಂದಿನ ಶನಿವಾರ ನನಗೆ ರಜೆ ಇದೆ. ಬರುತ್ತೇನೆ.

ಮಗಳು